ಹಿಮಗಂಬದ ಮೇಲಿನ ಗೀರು

ಬಹಳ ಹಿಂದೆ, ನಮಗೆ ಗೊತ್ತಿರುವ ಬೆಟ್ಟಗಳೆಲ್ಲ ಮುಗಿದ ಮೇಲೂ ಇನ್ನೇಳು ಬೆಟ್ಟ ದಾಟಿದರೆ, ಬಿಳಿಗೋಡು ಅಂತ ಒಂದು ರಾಜ್ಯವಿತ್ತು. ವರ್ಷದಲ್ಲಿ ಅರ್ಧ ಅಲ್ಲಿ ಹಿಮ ಬೀಳುತ್ತಿತ್ತು. ಅರಮನೆಯ ಮುಂದೆ ಒಂದು ಕಲ್ಲುಗಂಬ. ಆಯಾ ಚಳಿಗಾಲದಲ್ಲಿ ಹಿಮ ಎಷ್ಟೆತ್ತರ ಬಂತೋ ಅಷ್ಟಕ್ಕೆ ಕಂಬದ ಮೇಲೊಂದು ಗೀರು. ಅದನ್ನು ಕೊರೆಯುವವನಿಗೆ ಗೀರುಗಾರ ಅಂತ ಹೆಸರು. ಕೊರೆದ ಮೇಲೆ ಅವನು ಬರಿ ಅಂಗೈಯನ್ನು ಕಂಬಕ್ಕೆ ಒತ್ತಿ, "ಕಂಡಷ್ಟೇ ಕೊರೆದೆ" ಅನ್ನಬೇಕು. ಸುಳ್ಳು ಕೊರೆದವನ ಬರಿಗೈ ತಾಗಿತೋ, ಅವನು ಕಲ್ಲಾಗುತ್ತಾನೆ, ಸುಳ್ಳು ಗೀರು ಅಳಿಸಿಹೋಗುತ್ತದೆ. ಕಂಬದ ಮಾಯೆ ಅಂಥದ್ದು.

ಕಂಬದ ಪಕ್ಕದಲ್ಲೇ ಅರಸರ ಸೌದೆ ಕಣಜ. ಅದಕ್ಕೆ ಬೀಗವಿತ್ತು, ಕೀಲಿಕೈ ಇರಲಿಲ್ಲ. ಮೊದಲ ರಾಣಿ ಹಾಕಿದ ಕಟ್ಟು ಏನೆಂದರೆ, ಯಾವ ವರ್ಷದ ಹಿಮ ಹಳೆಯ ಗೀರುಗಳನ್ನೆಲ್ಲ ದಾಟುತ್ತದೋ ಆ ವರ್ಷ ಕಣಜದ ಬಾಗಿಲು ತಾನಾಗಿ ತೆರೆಯಬೇಕು, ಜನ ಸೌದೆ ಹೊತ್ತುಕೊಂಡು ಹೋಗಿ ಬದುಕಿಕೊಳ್ಳಬೇಕು. ಒಳ್ಳೆಯ ಕಟ್ಟು. ಒಳ್ಳೆಯವಳು ಮಾಡಿದ್ದು.

ಈ ಕತೆಯ ವರ್ಷ ಕುಯಿಲು ಮುಗಿಯುವ ಮೊದಲೇ ಹಿಮ ಶುರುವಾಯಿತು. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಭುಜಕ್ಕೆ ಬಂತು. ಜನ ಮೊದಲು ಸೌದೆ ಸುಟ್ಟರು, ಆಮೇಲೆ ಮಂಚ ಸುಟ್ಟರು, ಕೊನೆಗೆ ತೊಟ್ಟಿಲನ್ನೂ ಸುಟ್ಟರು. ಕಣಜದ ಬಾಗಿಲು ಮಾತ್ರ ಮಿಸುಕಲಿಲ್ಲ. ಯಾಕೆಂದರೆ ಹಿಮ ಉಳಿದ ಗೀರುಗಳನ್ನೆಲ್ಲ ದಾಟಿದ್ದರೂ ಕಂಬದ ಮೇಲೆ, ಎರಡಾಳು ಎತ್ತರದಲ್ಲಿ, ಇನ್ನೊಂದು ಗೀರಿತ್ತು. ಅರಸ ಚಂಡವರ್ಮನ ಅಜ್ಜನ ಕಾಲದ ಹಿಮವಂತೆ ಅದು.

"ಇದೂ ಒಂದು ಚಳಿಯೇ?" ಅಂದ ಅರಸನ ಮಂತ್ರವಾದಿ ಶೀತಲಾಕ್ಷ. "ಹಿರಿಯರಸರ ಕಾಲದಲ್ಲಿ ಎರಡಾಳು ಹಿಮ! ಅದರಲ್ಲಿ ಅವರು ಬರಿಗಾಲಲ್ಲಿ ಬೇಟೆಗೆ ಹೋದರು. ಈಗಿನವರಿಗೆ ಚಳಿಯಲ್ಲ, ಮೈಗಳ್ಳತನ."

"ಹೌದೌದು, ಮೈಗಳ್ಳತನ," ಅಂದರು ಮಂತ್ರಿಗಳು, ತುಪ್ಪಳದ ಅಂಗಿಯೊಳಗಿಂದ. ಅವರ ಬಾಯಿಗೆ ಮಣ್ಣು ಹಾಕ! ಶೀತಲಾಕ್ಷನ ಊಟ ಬೆಂಕಿ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ದಿನವೂ ಗೋಡೆಯಲ್ಲಿ ನುಸುಳಿ ಕಣಜದೊಳಗೆ ಹೋಗಿ, ಸೌದೆ ಹೊತ್ತಿಸಿ, ಉರಿಯನ್ನು ಹಿಡಿ ಹಿಡಿಯಾಗಿ ತಿನ್ನುತ್ತಿದ್ದ. ಅವನು ತಿಂದಷ್ಟೂ ಹೊರಗೆ ಹಿಮ ಹೆಚ್ಚುತ್ತಿತ್ತು.

ಗೀರುಗಾರ ಬಸವಂತನ ಮಗಳು ಚೆನ್ನಾಜಿ. ಗಂಡ ಆ ಚಳಿಗಾಲದ ಮೊದಲ ತಿಂಗಳೇ ಸೌದೆ ತರಲು ಹೋಗಿ ಹಿಮದಡಿ ಉಳಿದುಬಿಟ್ಟಿದ್ದ. ಅವಳಿಗೆ ಉಳಿದದ್ದು ಎಂಟು ತಿಂಗಳ ಕೂಸು ಹಂಪಿ, ಮತ್ತು ಮುದುಕ ಅಪ್ಪ. ಕೂಸಿನ ತುಟಿ ನೀಲಿಯಾಗತೊಡಗಿದ ದಿನ ಚೆನ್ನಾಜಿ ನೇರ ಅರಸನ ಮುಂದೆ ಹೋಗಿ ನಿಂತಳು.

"ಒಡೆಯಾ, ಆ ಮೇಲಿನ ಗೀರು ನಿಜವಿರಲಿಕ್ಕಿಲ್ಲ. ಎರಡಾಳು ಹಿಮ ಬಿದ್ದಿದ್ದರೆ ನಮ್ಮ ಅಜ್ಜಂದಿರು ಬದುಕುತ್ತಿರಲಿಲ್ಲ, ನಾವು ಹುಟ್ಟುತ್ತಿರಲಿಲ್ಲ."

ಅರಸನಿಗೆ ಸಿಟ್ಟು ಬಂತು. "ನಮ್ಮಜ್ಜನ ಹಿಮ ಸುಳ್ಳೆನ್ನುತ್ತೀಯಾ? ಅವರ ಕಾಲ ಕಂಡ ಮೂವರು ಸಾಕ್ಷಿಗಳನ್ನು ತಾ, ನೋಡೋಣ."

ಆ ಕಾಲ ಕಂಡ ಮನುಷ್ಯರು ಯಾರು ಉಳಿದಿದ್ದರು? ಚೆನ್ನಾಜಿ ಕೂಸನ್ನು ಅಪ್ಪನ ಮಡಿಲಿಗೆ ಹಾಕಿ ಹೊರಟಳು. ಬಸವಂತ ಬಟ್ಟೆ ಸುತ್ತಿದ ಎಡಗೈಯಿಂದ ಕೂಸನ್ನು ಅವಚಿಕೊಂಡ. ಆ ಕೈಗೆ ಚಳಿಹುಣ್ಣು ಅಂತ ಇಪ್ಪತ್ತು ವರ್ಷದಿಂದ ಅವನು ಬಟ್ಟೆ ಬಿಚ್ಚಿದ್ದನ್ನು ಯಾರೂ ನೋಡಿರಲಿಲ್ಲ.

ಮೊದಲನೇ ಬೆಟ್ಟದಲ್ಲಿ ಮುನ್ನೂರು ವರ್ಷದ ದೇವದಾರು ಮರವಿತ್ತು. "ಮರದಜ್ಜಾ, ಇಂಥ ಹಿಮ ಹಿಂದೆ ಕಂಡಿದ್ದೆಯಾ?"

"ಮುರಿದ ಕೊಂಬೆ ಕಟ್ಟಲು ನಿನ್ನ ಜಡೆ ಕೊಡು, ಹೇಳುತ್ತೇನೆ," ಅಂದಿತು ಮರ. ಚೆನ್ನಾಜಿ ಜಡೆ ಕೊಯ್ದು ಕಟ್ಟಿದಳು. "ಅರಸನಜ್ಜನ ಕಾಲದಲ್ಲಿ ಹಿಮ ನನ್ನ ಬೇರು ಮುಚ್ಚಿತ್ತು, ಅಷ್ಟೇ. ಇಂಥದ್ದು ಕಂಡಿಲ್ಲ," ಅಂತ ಹೇಳಿ ಒಂದು ಕಾಯಿ ಉದುರಿಸಿತು. ಕಾಯಿ ಕೈಯಲ್ಲೇ ಮಾತಾಡುತ್ತಿತ್ತು.

ಎರಡನೇ ಬೆಟ್ಟದ ಗವಿಯಲ್ಲಿ ನೂರು ವರ್ಷದ ಕರಡಿ ಮಲಗಿತ್ತು. "ಕರಡಿಯಣ್ಣಾ, ಇಂಥ ಹಿಮ ಹಿಂದೆ ಕಂಡಿದ್ದೆಯಾ?"

"ನಿನ್ನ ಕಂಬಳಿ ಕೊಡು, ಹೇಳುತ್ತೇನೆ." ಕೊಟ್ಟಳು. "ಆಗ ಹಿಮ ನನ್ನ ಮೊಣಕಾಲಿಗಿತ್ತು. ಇಂಥದ್ದು ಕಂಡಿಲ್ಲ," ಅಂತ ಕರಡಿ ಒಂದು ಉಗುರು ಕಿತ್ತು ಕೊಟ್ಟಿತು. ಉಗುರೂ ಮಾತಾಡುತ್ತಿತ್ತು.

ಮೂರನೇ ಬೆಟ್ಟದ ತುದಿಯಲ್ಲಿ ಎಂದೂ ಕರಗದ ಕೆರೆ. "ಕೆರೆಯವ್ವಾ, ಇಂಥ ಹಿಮ ಹಿಂದೆ ಕಂಡಿದ್ದೆಯಾ?"

"ನಿನ್ನ ಕಾಲಿನ ಎರಡು ಬೆರಳು ಕೊಡು," ಅಂದಿತು ಕೆರೆ. ಚೆನ್ನಾಜಿ ಅತ್ತಳು. ಅಳುತ್ತಲೇ ಕಾಲಿಟ್ಟಳು. ಮಂಜುಗಡ್ಡೆ ಎರಡು ಬೆರಳು ಕಚ್ಚಿಕೊಂಡಿತು. "ಕಂಡಿಲ್ಲ ಮಗಳೇ. ನಾನು ಹುಟ್ಟಿದಂದಿನಿಂದ ಕಂಡಿಲ್ಲ," ಅಂತ ಒಂದು ಮಂಜಿನ ಹರಳು ಕೊಟ್ಟಿತು.

ಜಡೆಯಿಲ್ಲದ ತಲೆ, ಕಂಬಳಿಯಿಲ್ಲದ ಮೈ, ಕುಂಟುಕಾಲು. ಹೀಗೆ ಅವಳು ಕಂಬದ ಬಳಿ ಬಂದಾಗ ಊರೆಲ್ಲ ಸೇರಿತ್ತು. ಬಸವಂತನೂ ಕೂಸನ್ನೆತ್ತಿಕೊಂಡು ನಿಂತಿದ್ದ. ಕಾಯಿ ಮಾತಾಡಿತು, ಉಗುರು ಮಾತಾಡಿತು, ಹರಳು ಮಾತಾಡಿತು.

ಶೀತಲಾಕ್ಷ ನಕ್ಕ. "ಮರ ನಿಂತಲ್ಲೇ ನಿಂತಿತ್ತು, ಅದಕ್ಕೇನು ಗೊತ್ತು? ಕರಡಿ ಚಳಿಗಾಲವೆಲ್ಲ ನಿದ್ದೆ. ಕೆರೆಗೆ ಎಲ್ಲಾ ವರ್ಷವೂ ಒಂದೇ."

ಅರಸನೂ ನಕ್ಕ. "ಸಾಕ್ಷಿಯನ್ನು ಅಷ್ಟು ದೂರ ಯಾಕೆ ಹುಡುಕಿದೆ, ಹುಚ್ಚಿ? ಅಜ್ಜನ ಕಾಲದಲ್ಲಿ ಕೊರೆಯದೆ ಬಿಟ್ಟಿದ್ದರು ಅಂತ ಆ ಗೀರನ್ನು ನನ್ನ ಪಟ್ಟಾಭಿಷೇಕದ ವರ್ಷ, ನೀನಿನ್ನೂ ಕೂಸಾಗಿದ್ದಾಗ, ಕೊರೆದುಕೊಟ್ಟವನು ನಿನ್ನಪ್ಪನೇ. ಕೇಳು ಅವನನ್ನು."

ಚೆನ್ನಾಜಿ ತಿರುಗಿ ನೋಡಿದಳು. ಅಪ್ಪನ ಕಣ್ಣು ನೆಲ ನೋಡುತ್ತಿತ್ತು.

"ಅಪ್ಪಯ್ಯಾ, ಅದು ಸುಳ್ಳು ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮಗಳೇ. ಅರಸರಿಗೆ ಅಜ್ಜನ ಹೆಸರು ದೊಡ್ಡದಾಗಬೇಕಿತ್ತು. ಒಂದು ಗೀರು ತಾನೇ ಅಂದುಕೊಂಡೆ. ಏಣಿ ಹತ್ತಿ ಕೊರೆದೆ. ಚಳಿಹುಣ್ಣು ಅಂತ ಹೇಳಿ ಕೈಗೆ ಬಟ್ಟೆ ಸುತ್ತಿಕೊಂಡು ಕಂಬ ಮುಟ್ಟಿದೆ. ಜರಿಶಾಲು ಹೊದಿಸಿದರು."

"ನಾನು ಬೆಟ್ಟಕ್ಕೆ ಹೊರಟಾಗಲೂ ಗೊತ್ತಿತ್ತಾ?"

"ಗೊತ್ತಿತ್ತು."

"ನನ್ನ ಗಂಡ ಸತ್ತಾಗ?"

"ಕಲ್ಲಾಗಲು ಹೆದರಿಕೆಯಾಯಿತು ಕಣೇ," ಅಂದ ಬಸವಂತ.

ಚೆನ್ನಾಜಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಇಡೀ ಊರಿನಲ್ಲಿ ಆ ಹೊತ್ತು ಇದ್ದ ಬೆಂಕಿ ಅದೊಂದೇ. ಅವಳು ಅವನ ತೋಳಿನಿಂದ ಕೂಸನ್ನು ಕಿತ್ತುಕೊಂಡಳು. ಕೂಸು ಅಳುತ್ತಿರಲಿಲ್ಲ. ಅಳುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ. ಅದರ ಬೆರಳು ಮಾತ್ರ ತಾತನ ಕೈಗೆ ಸುತ್ತಿದ್ದ ಬಟ್ಟೆಯ ತುದಿಯನ್ನು ಹಿಡಿದುಕೊಂಡೇ ಇತ್ತು. ಎಳೆದಾಗ ಬಟ್ಟೆ ಬಿಚ್ಚುತ್ತಾ ಬಂತು. ಒಳಗಿನ ಕೈಯಲ್ಲಿ ಹುಣ್ಣೂ ಇರಲಿಲ್ಲ, ಗಾಯವೂ ಇರಲಿಲ್ಲ. ಊರವರೆಲ್ಲ ನೋಡಿದರು.

ಬಸವಂತ ಆ ಕೈಯನ್ನೊಮ್ಮೆ ತಾನೂ ನೋಡಿಕೊಂಡ. ಆಮೇಲೆ ಕಂಬದ ಬಳಿ ಹೋದ.

"ಹಿಡಿಯಿರಿ ಅವನನ್ನು!" ಅಂತ ಶೀತಲಾಕ್ಷ ಕಿರುಚಿದ. ಯಾರೂ ಮಿಸುಕಲಿಲ್ಲ.

"ಕಂಡಿರಲಿಲ್ಲ, ಕೊರೆದೆ," ಅಂದ ಬಸವಂತ, ಅಂಗೈಯನ್ನು ಕಲ್ಲಿಗೆ ಒತ್ತಿ.

ಬೆರಳು ಕಲ್ಲಾಯಿತು, ತೋಳು ಕಲ್ಲಾಯಿತು. ಎದೆ ಕಲ್ಲಾಗುವ ಮೊದಲು ಅವನು ಮಗಳ ಕಡೆ ನೋಡಿದ. ಅವಳು ಮುಖ ತಿರುಗಿಸಿದ್ದಳು. ಮೇಲಿನ ಗೀರು ಅಳಿಸಿಹೋಯಿತು. ಕಣಜದ ಬಾಗಿಲು ದಡಾರನೆ ತೆರೆಯಿತು. ಜನ ನುಗ್ಗಿ ಸೌದೆಯೊಂದೂ ಬಿಡದೆ ಹೊತ್ತುಕೊಂಡು ಹೋದರು. ತಿನ್ನಲು ಬೆಂಕಿಯಿಲ್ಲದೆ ಶೀತಲಾಕ್ಷ ಅಲ್ಲೇ ಹೆಪ್ಪುಗಟ್ಟಿ, ಪುಡಿಯಾಗಿ, ಹಿಮದಲ್ಲಿ ಹಿಮವಾಗಿ ಹೋದ. ಸಂಜೆಗೆ ಮನೆಮನೆಯಲ್ಲೂ ಹೊಗೆಯೆದ್ದಿತು. ಹಂಪಿ ಒಲೆಯ ಮುಂದೆ ಗಟ್ಟಿಯಾಗಿ ಅತ್ತಳು. ಅಷ್ಟು ಒಳ್ಳೆಯ ಅಳು ಚೆನ್ನಾಜಿ ಹಿಂದೆಂದೂ ಕೇಳಿರಲಿಲ್ಲ.

ಆಮೇಲೆ ಚೆನ್ನಾಜಿಯೇ ಗೀರುಗಾರ್ತಿಯಾದಳು. ಅರಸ ಮೆಲ್ಲಗೆ ಕೇಳಿದ, "ಈ ವರ್ಷದ್ದು ನನ್ನ ಹೆಸರಿನ ಹಿಮ. ಒಂದು ಗೇಣು ಮೇಲೆ ಕೊರೆದರೆ ಏನಾಗುತ್ತದಮ್ಮಾ?" ನೋಡಿ, ಇಷ್ಟಾದ ಮೇಲೂ! ಅವಳು ತನ್ನ ಭುಜದ ಮಟ್ಟಕ್ಕೆ ಕೊರೆದು, ಬರಿಗೈ ಒತ್ತಿದಳು.

ಎಲ್ಲರೂ ಸುಖವಾಗಿ ಬಾಳಿದರು ಅಂತ ಕತೆ ಮುಗಿಸಬೇಕು, ನನಗೂ ಗೊತ್ತು. ಬದುಕಿ ಉಳಿದವರು ಸುಖವಾಗಿಯೇ ಬಾಳಿದರು.

ಹಂಪಿ ದೊಡ್ಡವಳಾದ ಮೇಲೆ ಒಂದು ದಿನ ಕಂಬಕ್ಕೆ ಕೈಯಾನಿಸಿ ನಿಂತ ಕಲ್ಲುಮುದುಕನನ್ನು ತೋರಿಸಿ, "ಅವ್ವಾ, ತಾತ ಒಳ್ಳೆಯವನಾ?" ಅಂತ ಕೇಳಿದಳು.

ಚೆನ್ನಾಜಿ ಕಲ್ಲಿನ ತಲೆಯ ಮೇಲಿನ ಹಿಮ ಒರೆಸುತ್ತಿದ್ದಳು. ಪ್ರತಿ ವರ್ಷ ಒರೆಸುತ್ತಿದ್ದಳು.

"ನಿನ್ನನ್ನು ಉಳಿಸಿದ," ಅಂದಳು. "ನಿನ್ನಪ್ಪನನ್ನು ಉಳಿಸಲಿಲ್ಲ."