ನಾಲ್ಕು ಮುಚ್ಚಳಗಳು

ಬೆಳಗ್ಗೆ ಏಳೂವರೆಗೆ ಬ್ಯಾಗು ಹಿಡಿದು ಹೊರಗೆ ಹೋದ ಮೇಷ್ಟ್ರು ಹೋದಂತೆಯೇ ಒಳಗೆ ಬಂದರು.

“ಏನ್ರೀ, ಏನಾದ್ರೂ ಮರೆತ್ರಾ?” ಎಂದು ಹೆಂಡತಿ ಕೇಳಿದರು.

“ಕಾರು ನೆಲಕ್ಕೆ ಕೂತಿದೆ ಕಣೇ. ನಾಲ್ಕೂ ಟೈರು!”

ಹೆಂಡತಿ ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಜೀವ ತೇಯ್ದು ನಿವೃತ್ತರಾದವರು. ಎಲ್ಲರ ಬಾಯಲ್ಲಿ ಈಗಲೂ ಇನ್ಸ್‌ಪೆಕ್ಟರಮ್ಮ. ಎಲೆ ಉದುರುವ ಕಾಲ ಬಂತೆಂದರೆ ದಂಪತಿ ಕಾರು ಹತ್ತಿ ಹದಿನೈದು ದಿನ ಬಂಧುಬಳಗದ ಮನೆ ಸುತ್ತುತ್ತಾರೆ. ಎಲ್ಲ ಮನೆಯಲ್ಲೂ ಮೊದಲ ದಿನ “ಇನ್ನೆರಡು ದಿನ ಇರಿ”, ಎರಡನೆಯ ದಿನ “ಎಷ್ಟು ಹೊತ್ತಿಗೆ ಹೊರಡ್ತೀರಿ?” ಈ ಸಲ ಚಿಕ್ಕಮ್ಮನನ್ನೂ ನಾದಿನಿಯನ್ನೂ ನೋಡಿಕೊಂಡು, ನಿನ್ನೆ ಇನ್ಸ್‌ಪೆಕ್ಟರಮ್ಮನ ಅಣ್ಣನ ಮನೆಗೆ ಬಂದಿದ್ದರು.

ಇವತ್ತಿನ ಪ್ರಯಾಣ ಮಾತ್ರ ತಪ್ಪುವಂತಿರಲಿಲ್ಲ. ಐದು ಗಂಟೆ ದೂರದ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರಮ್ಮನ ಬಾಲ್ಯದ ಗೆಳತಿಗೆ ಮಧ್ಯಾಹ್ನ ಎರಡಕ್ಕೆ ಗಂಟಲಿನ ಆಪರೇಷನ್. ಆಮೇಲೆ ಅವಳಿಗೆ ಮಾತೇ ಇರುವುದಿಲ್ಲ. “ನನ್ನ ಬಾಯಲ್ಲೇ ನಿಂಗೊಂದು ಮಾತು ಹೇಳ್ಬೇಕು. ಫೋನಲ್ಲಿ ಬೇಡ. ಎರಡರೊಳಗೆ ಬಂದುಬಿಡು,” ಎಂದು ನಿನ್ನೆ ಊಟದ ಹೊತ್ತಿಗೆ ಫೋನು ಮಾಡಿದ್ದಳು. ಸ್ಪೀಕರ್ ಹಾಕಿದ್ದರಿಂದ ಮನೆಮಂದಿಯೆಲ್ಲ ಕೇಳಿಸಿಕೊಂಡಿದ್ದರು.

*

“ಆ ಪಕ್ಕದ ಮನೆಯವನದೇ ಕೆಲಸ!” ಬೀದಿಯಲ್ಲಿ ನಿಂತು ಅತ್ತಿಗೆ ಕಿಡಿಕಾರಿದರು. “ನನ್ನ ಗೇಟಿನ ಪಕ್ಕ ಕಾರು ನಿಲ್ಸಿದ್ರೆ ಗಾಳಿ ತೆಗೀತೀನಿ ಅಂತ ನಿನ್ನೆ ಕೂಗಾಡಿರಲಿಲ್ವಾ?”

“ಬೇಕರಿಯವರಲ್ವಾ? ಕೆಲಸಕ್ಕೆ ಎಷ್ಟು ಹೊತ್ತಿಗೆ ಹೋಗ್ತಾರೆ ಅತ್ತಿಗೆ?”

“ನಾಲ್ಕೂವರೆಗೆ. ಒಲೆ ಹಚ್ಬೇಕಲ್ಲ.”

“ಈ ರಸ್ತೆ ಗುಡಿಸೋದು?”

“ಆರಕ್ಕೆ.”

ಇನ್ಸ್‌ಪೆಕ್ಟರಮ್ಮ ಕುಕ್ಕರಗಾಲಲ್ಲಿ ಕೂತರು. ಎಲೆ ಗುಡಿಸಿದ ಪೊರಕೆಯ ಗೀರುಗಳು ಮಣ್ಣಿನಲ್ಲಿ ಸ್ಪಷ್ಟವಾಗಿದ್ದವು. ಚಪ್ಪಟೆಯಾಗಿ ಅಗಲಕ್ಕೆ ಹರಡಿದ ಟೈರು ಆ ಗೀರುಗಳ ಮೇಲೆಯೇ ಮಲಗಿತ್ತು.

“ಟೈರು ಮೊದಲೇ ಕೂತಿದ್ರೆ ಗೀರು ಅದರ ಅಂಚಿಗೇ ನಿಲ್ತಿತ್ತು. ಅಡಿಗೆ ಹೋಗ್ತಿರಲಿಲ್ಲ. ಗಾಳಿ ತೆಗೆದಿದ್ದು ಆರು ಗಂಟೆ ಮೇಲೆ,” ಎಂದರು. ಬೇಕರಿಗೆ ಫೋನು ಮಾಡಿದರು. ನಾಲ್ಕೂವರೆಯಿಂದ ಆಸಾಮಿ ಒಲೆಯ ಮುಂದಿನಿಂದ ಅಲ್ಲಾಡಿರಲಿಲ್ಲ.

“ಹಾಗಾದ್ರೆ ಯಾರೋ ಪುಂಡರು,” ಎಂದರು ಮೇಷ್ಟ್ರು.

ಇನ್ಸ್‌ಪೆಕ್ಟರಮ್ಮ ಟೈರಿನ ವಾಲ್ವ್ ಮೇಲಿದ್ದ ಪುಟ್ಟ ಮುಚ್ಚಳ ಬಿಚ್ಚಿದರು. ಒಳಗೆ ಗಾಳಿ ತಡೆಯುವ ಪಿನ್ನೇ ಇಲ್ಲ. ನಾಲ್ಕೂ ಚಕ್ರದಲ್ಲಿ ಅದೇ ಕಥೆ.

“ಪುಂಡರಾದ್ರೆ ಮುಚ್ಚಳ ಬಿಸಾಕಿ ಓಡ್ತಾರೆ ರೀ. ಇಲ್ಲಿ ಪಿನ್ನು ಕದ್ದು, ಮುಚ್ಚಳ ಮತ್ತೆ ಹಾಕಿದ್ದಾರೆ. ಒಳಗೆ ಧೂಳು ಹೋಗಬಾರದು ಅಂತ.”

ಹೇಳುತ್ತಿದ್ದಂತೆ ಅವರಿಗೇ ಅರ್ಥವಾಯಿತು. ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಮೆಕ್ಯಾನಿಕ್ ಆಗಿದ್ದ ಅಣ್ಣನ ಕೈ ಅದು. ಬಿಚ್ಚಿದ್ದನ್ನು ತಕ್ಷಣ ಮುಚ್ಚುವ ಕೈ. ಮನೆಯಲ್ಲಿ ಸಕ್ಕರೆ ಡಬ್ಬಿಯಿಂದ ಒಂದು ಚಮಚ ತೆಗೆದರೂ, ಇನ್ನೊಬ್ಬರು ಕೈಚಾಚುವಷ್ಟರಲ್ಲಿ ಮುಚ್ಚಳ ಬಿಗಿದಾಗಿರುತ್ತಿತ್ತು.

*

ಅಣ್ಣ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದರು. ತಂಗಿ ನಾಲ್ಕು ಮುಚ್ಚಳಗಳನ್ನು ಮೇಜಿನ ಮೇಲಿಟ್ಟರು.

“ಪಿನ್ನು ಕೊಡು ಅಣ್ಣಾ.”

“ಯಾವ ಪಿನ್ನು?”

“ಇಂಥ ಕೆಲಸದಲ್ಲೂ ನಿನ್ನ ಕೈ ಶಿಸ್ತು ಬಿಡಲಿಲ್ಲ. ಕೊಡು.”

ಅಣ್ಣ ಜೇಬಿನಿಂದ ಕಾಗದದ ಪೊಟ್ಟಣ ತೆಗೆದರು.

“ಎರಡು ಗಂಟೆ ದಾಟಿದ್ರೆ ಸಾಕಿತ್ತು ಕಣೇ,” ಎಂದರು. “ನಿನ್ನ ಗೆಳತಿಗೆ ಕೈನಡುಕ, ಆಮೇಲೆ ಬರೆದು ಹೇಳೋಕೂ ಆಗಲ್ಲ. ಅವಳು ಬಸ್ಸಿನ ವಿಷ್ಯ ಹೇಳೋಕೇ ಕರೀತಿರೋದು. ಹೇಗೋ ಗೊತ್ತಾಗಿದೆ.”

“ಏನು ಗೊತ್ತಾಗಿದೆ?”

ಹದಿನೆಂಟು ವರ್ಷದ ಹಿಂದೆ ಗೆಳತಿಯ ಗಂಡ ಓಡಿಸುತ್ತಿದ್ದ ಬಸ್ಸು ಸೇತುವೆಯಿಂದ ಬಿದ್ದಿತ್ತು. ಅವನೂ ಸತ್ತ, ಒಂಬತ್ತು ಪ್ರಯಾಣಿಕರೂ ಸತ್ತರು.

“ಆ ಬೆಳಗ್ಗೆ ನಾನು ಬ್ರೇಕ್ ನೋಡಿರಲಿಲ್ಲ. ನೋಡಿದೀನಿ ಅಂತ ಸಹಿ ಹಾಕಿದ್ದೆ. ತನಿಖೆಗೆ ನೀನು ಬಂದು ಕೇಳಿದಾಗ ಸರಿಯಾಗಿತ್ತು ಅಂದೆ. ನಂಬಿದೆ ನೀನು.”

ನಂಬಿದ್ದರು. ಬ್ರೇಕ್ ಬಿಚ್ಚಿಸಿ ನೋಡದೆ, ‘ಚಾಲಕನ ಅಜಾಗರೂಕತೆ’ ಎಂದು ತಾವೇ ವರದಿ ಬರೆದು ಕೈತೊಳೆದುಕೊಂಡಿದ್ದರು. ಆ ಎರಡು ಪದ ಹೊತ್ತುಕೊಂಡು ಗೆಳತಿ ಹದಿನೆಂಟು ವರ್ಷ ಊರಿನ ಮುಂದೆ ತಲೆತಗ್ಗಿಸಿ ಬದುಕಿದ್ದಳು. ಇನ್ಸ್‌ಪೆಕ್ಟರಮ್ಮನಿಗೆ ಅಣ್ಣನಿಗಿಂತ ತಮ್ಮ ಮೇಲೆಯೇ ಹೇಸಿಗೆಯಾಯಿತು.

“ನಾಳೆ ಠಾಣೆಗೆ ಹೋಗಿ ನೀನೇ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ.”

“ಒಡಹುಟ್ಟಿದವನು ಕಣೇ ನಾನು!”

“ಅದಕ್ಕೇ ಅಲ್ವಾ ಅವತ್ತು ನಂಬಿದ್ದು?”

*

ಪಿನ್ನು ಹಾಕಿ, ಕಾಲುಪಂಪಿನಲ್ಲಿ ನಾಲ್ಕು ಟೈರಿಗೆ ಗಾಳಿ ತುಂಬಿ ಹೊರಡುವಾಗ ಗಂಟೆ ಹತ್ತು. ಆಸ್ಪತ್ರೆ ಮುಟ್ಟಿದಾಗ ಮೂರು ದಾಟಿತ್ತು. ಹೊರಗೆ ಬೆಂಚಿನ ಮೇಲೆ ಗೆಳತಿಯ ಮಗಳು ಕೂತಿದ್ದಳು.

“ಒಳಗೆ ಕರ್ಕೊಂಡು ಹೋಗೋವರೆಗೂ ಅಮ್ಮ ನಿಮಗೋಸ್ಕರ ಕಾದ್ರು ಆಂಟಿ.”

“ಏನು ಹೇಳ್ಬೇಕಿತ್ತಂತೆ? ಬಸ್ಸಿನ ವಿಷ್ಯನಾ?”

“ಬಸ್ಸಾ? ಅದನ್ನ ಅಮ್ಮ ಯಾವತ್ತೋ ಬಿಟ್ರು. ಅಪ್ಪಂದೇ ತಪ್ಪು ಅಂತ ನೀವೇ ಬರೆದಿದ್ರಲ್ಲ.” ಹುಡುಗಿ ಕಣ್ಣೊರೆಸಿಕೊಂಡಳು. “ಅಪ್ಪ ಹೋದ ಮೇಲೆ ನಮ್ಮ ಮನೆಗೆ ಯಾರೂ ಬರ್ತಿರಲಿಲ್ಲ. ವರ್ಷ ತಪ್ಪದೆ ಬಂದಿದ್ದು ನೀವೊಬ್ರೇ. ಅದಕ್ಕೆ ಥ್ಯಾಂಕ್ಸ್ ಹೇಳ್ಬೇಕು, ನನ್ನ ಧ್ವನೀಲೇ ಹೇಳ್ಬೇಕು ಅಂತಿದ್ರು.”

ಮರುದಿನ ಗೆಳತಿಗೆ ಪೂರ್ತಿ ಎಚ್ಚರವಾಯಿತು. ಇನ್ಸ್‌ಪೆಕ್ಟರಮ್ಮನನ್ನು ಕಂಡು ಅವಳ ಮುಖ ಅರಳಿತು. ಇನ್ಸ್‌ಪೆಕ್ಟರಮ್ಮ ಅವಳ ಕೈ ಹಿಡಿದು ಕೂತು ಎಲ್ಲವನ್ನೂ ಹೇಳಿದರು. ಅಣ್ಣನ ಸುಳ್ಳನ್ನೂ ಹೇಳಿದರು, ತಮ್ಮ ಸೋಮಾರಿತನವನ್ನೂ ಮುಚ್ಚಿಡಲಿಲ್ಲ.

ಗೆಳತಿ ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ ಕೈ ಬಿಡಿಸಿಕೊಂಡು, ನಡುಗುವ ಆ ಕೈಯನ್ನೇ ಎತ್ತಿ, ಬಾಗಿಲು ತೋರಿಸಿದಳು.