ನಾಚಿಕೆಯದ್ದು ಯಾರದು?

"ಮೂವರಿಗೆ ನಾಲ್ಕು ಅಣಬೆ!" ಎಂದು ಚೆಮಾ ಕೂಗಿದ.

ಕಾವಲಿಯ ಮುಂದೆ ನಿಂತಿದ್ದ ಫೆರ್ಮಿನ್ ತಲೆಯೆತ್ತಿ ನೋಡಿದ. ಹಿಮೆನಾಳ ಎದೆ ಧಸಕ್ಕೆಂದಿತು!

ಅವನ ಮುಖದಲ್ಲಿ ನಗು ಅರಳತೊಡಗಿತ್ತು. ಹಿಮೆನಾ ಮಾತ್ರ ತಟಕ್ಕನೆ ಮುಖ ತಿರುಗಿಸಿ ಗೋಡೆಯ ಮೇಲಿನ ಹಳೆಯ ಫೋಟೋ ನೋಡತೊಡಗಿದಳು.

ಸ್ಪೇನಿನ ಲೊಗ್ರೋನ್ಯೊ ಊರಿನ ಲೌರೆಲ್ ಬೀದಿಯಲ್ಲಿ ಭಾನುವಾರ ಮಧ್ಯಾಹ್ನ ಗೆಳೆಯರೊಂದಿಗೆ ತಾಪಾಸ್ ಎಂಬ ಪುಟ್ಟ ತಿನಿಸು ತಿನ್ನಲು ಹೊರಟವರು ಒಂದೇ ಕಡೆ ನಿಲ್ಲುವುದಿಲ್ಲ. ಒಂದೊಂದು ಬಾರಿನಲ್ಲಿ ಒಂದೊಂದು ತಿನಿಸು, ಒಂದು ಲೋಟ ವೈನ್, ಮತ್ತೆ ಮುಂದಕ್ಕೆ. ಅಣಬೆಯ ಬಾರನ್ನು ಮಾತ್ರ ಹಿಮೆನಾ ನಾಲ್ಕು ತಿಂಗಳಿಂದ ಏನಾದರೊಂದು ನೆಪ ಹೇಳಿ ತಪ್ಪಿಸಿದ್ದಳು. ಇವತ್ತು ಚೆಮಾ ಹಟ ಹಿಡಿದಿದ್ದ.

ಯಾಕೆ ತಪ್ಪಿಸಿದ್ದಳು? ನಾಲ್ಕು ತಿಂಗಳಿಂದ ಈ ಫೆರ್ಮಿನ್ನೇ ಅವಳ ಪ್ರೀತಿ!

ಯಾರೋ ಸಿಕ್ಕಿದ್ದಾನೆಂದು ಹಿಮೆನಾ ತನ್ನ ಆಪ್ತ ಗೆಳತಿ, ಚೆಮಾನ ಹೆಂಡತಿ ಮಾರ್ಗಾಗೆ ಹೇಳಿದ್ದಳು. "ದ್ರಾಕ್ಷಿತೋಟದ ಮಾಲೀಕನೇನೇ?" ಎಂದು ಮಾರ್ಗಾ ಕಣ್ಣರಳಿಸಿದಾಗ ಸುಮ್ಮನೆ ನಕ್ಕಿದ್ದಳು. ವಕೀಲೆ, ದಿನವೆಲ್ಲ ವಾದ ಮಾಡುವವಳು... 'ಅಲ್ಲ' ಎನ್ನುವ ಒಂದು ಮಾತು ಬಾಯಿಂದ ಹೊರಡಲಿಲ್ಲ ನೋಡಿ!

ತಟ್ಟೆ ಬಂತು. ಒಂದೊಂದು ಬ್ರೆಡ್ ಚೂರಿನ ಮೇಲೆ ಬೆಳ್ಳುಳ್ಳಿ ಎಣ್ಣೆಯಲ್ಲಿ ಬೆಂದ ಮೂರು ಅಣಬೆ, ತುದಿಗೊಂದು ಸಿಗಡಿ, ನಡುವೆ ಚುಚ್ಚಿದ ಕಡ್ಡಿ.

"ಅವ್ನು ನಿಂಗೆ ಗೊತ್ತಾ? ಒಂಥರಾ ನೋಡ್ತಿದಾನೆ," ಎಂದು ಮಾರ್ಗಾ ಮೊಣಕೈಯಿಂದ ತಿವಿದಳು.

"ಇಲ್ಲಪ್ಪ! ನಂಗೆಲ್ಲಿ ಗೊತ್ತು? ಯಾರೋ ಅಣಬೆಯವ್ನು."

"ಪಾಪ, ಇವನ ಹೆಂಡ್ತಿ ದಿಂಬೆಲ್ಲ ಬೆಳ್ಳುಳ್ಳಿ ವಾಸ್ನೆ ಹೊಡೀತಿರುತ್ತೆ ಕಣೇ!"

ಮಾರ್ಗಾ ಕಿಸಕ್ಕನೆ ನಕ್ಕಳು. ಹಿಮೆನಾ... ಹಿಮೆನಾ ಕೂಡ ನಕ್ಕಳು.

ಕಾವಲಿಯ ಚುರುಚುರು ಸದ್ದಿನ ನಡುವೆಯೂ ಅವನಿಗೆ ಕೇಳಿಸಿತ್ತು. ಬಟ್ಟೆ ತೆಗೆದುಕೊಂಡು ಕೈ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ. ಆಮೇಲೆ ತನ್ನ ಅಂಗೈಯನ್ನೇ ನೋಡುತ್ತ ನಿಂತ.

'ಥೂ, ನನ್ನ ಜನ್ಮಕ್ಕಿಷ್ಟು! ಜ್ವರದಲ್ಲಿ ಮಲಗಿದ್ದಾಗ ರಾತ್ರಿಯಿಡೀ ನನ್ನ ಹಣೆಯ ಮೇಲಿದ್ದದ್ದು ಇದೇ ಕೈಯಲ್ಲವಾ? ಆಗ ವಾಸನೆ ಬಂತಾ?' ನೆಲ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

ಮೂರು ಮುಗಿದು ನಾಲ್ಕನೆಯದು ತಟ್ಟೆಯಲ್ಲಿ ಉಳಿಯಿತು. ಹಂಚಿಕೊಂಡ ತಟ್ಟೆಯ ಕೊನೆಯ ತುಂಡಿಗೆ ಇಲ್ಲಿ ಯಾರೂ ಕೈ ಹಾಕುವುದಿಲ್ಲ. ಅದರ ಹೆಸರೇ 'ನಾಚಿಕೆಯದ್ದು'. ಹೊಟ್ಟೆಬಾಕ ಚೆಮಾ ಕೂಡ ಸೂರು ನೋಡುತ್ತ ನಿಂತ.

ತಟ್ಟೆ ತೆಗೆಯಲು ಬಂದ ಫೆರ್ಮಿನ್, ಎಲ್ಲ ಗಿರಾಕಿಗಳನ್ನೂ ಕೇಳುವ ಮಾತನ್ನೇ ಕೇಳಿದ.

"ನಾಚಿಕೆಯದ್ದು ಯಾರದ್ರೀ?"

ಅವಳನ್ನು ನೋಡಿ ಕೇಳಲಿಲ್ಲ. ಚುಚ್ಚಿಯೂ ಕೇಳಲಿಲ್ಲ. ಆದರೂ ಹಿಮೆನಾಳ ಕಿವಿ ಕೆಂಡವಾಯಿತು.

"ನೀನೇ ತಗೋ." "ಬೇಡಪ್ಪ, ನೀನು ತಗೋ." ಗಂಡ ಹೆಂಡತಿಯ ಉಪಚಾರ ಶುರುವಾಯಿತು.

"ನಂದು," ಎಂದಳು ಹಿಮೆನಾ.

"ಏನೇ?"

"ನಾಚಿಕೆ ನಂದು ಕಣೇ ಮಾರ್ಗಾ." ಅವಳು ಕೊನೆಯ ತುಂಡನ್ನು ಕಡ್ಡಿ ಹಿಡಿದು ಎತ್ತಿಕೊಂಡಳು. "ದ್ರಾಕ್ಷಿತೋಟ ಗೀಕ್ಷಿತೋಟ ಏನೂ ಇಲ್ಲ. ನಾನು ಪ್ರೀತಿಸ್ತಿರೋದು ಇವನ್ನ. ಫೆರ್ಮಿನ್ ಅಂತ. ಗೊತ್ತಿಲ್ಲ ಅಂದ್ಬಿಟ್ಟೆ... ನಕ್ಕೂ ಬಿಟ್ಟೆ."

"ಅಯ್ಯೋ ದೇವ್ರೇ, ದಿಂಬು ಅಂದೆನಲ್ಲ ನಾನು!" ಮಾರ್ಗಾ ಬಾಯಿ ಮುಚ್ಚಿಕೊಂಡಳು.

ಫೆರ್ಮಿನ್ ತಟ್ಟೆ ಅಲ್ಲೇ ಬಿಟ್ಟು ಹಿಂಬಾಗಿಲಿನಿಂದ ಹೊರಗೆ ನಡೆದ. ಹಿಮೆನಾ ಹಿಂದೆಯೇ ಓಡಿದಳು. ಅಣಬೆಯ ಖಾಲಿ ಪೆಟ್ಟಿಗೆಯ ಮೇಲೆ ಅವನು ಕುಳಿತಿದ್ದ.

"ಅವ್ಳು ನಗ್ಲಿ ಬಿಡು, ಅವ್ಳಿಗೇನು ಗೊತ್ತು? ಆದ್ರೆ ನೀನು..." ಎಂದ ಅವನು.

"ಹೂಂ. ನಾನೂ ನಕ್ಕೆ. ಸಮಜಾಯಿಷಿ ಏನೂ ಇಲ್ಲ, ಫೆರ್ಮಿನ್. ಕ್ಷಮಿಸು ಅನ್ನೋಕೂ ಮುಖ ಇಲ್ಲ."

ಅವನು ಪೆಟ್ಟಿಗೆಯ ಸಿಬಿರೊಂದನ್ನು ಕಿತ್ತು ಮುರಿದ.

"ಮೊದಲ್ನೇ ವಾರಾನೇ ಅಮ್ಮಂಗೆ ಹೇಳಿದ್ದೆ ನಾನು," ಎಂದ ಕೊನೆಗೆ. "ದಿನಾ ಕೇಳ್ತಾಳೆ. ಆ ಹುಡುಗಿ ನಿಜವಾಗ್ಲೂ ನಿನ್ನ ಇಷ್ಟಪಡ್ತಾಳೇನೋ ಅಂತ. ಇವತ್ತು ಏನು ಹೇಳ್ಲಿ?"

ಹಿಮೆನಾ ಕೆನ್ನೆ ಒರೆಸಿಕೊಂಡು ಕೈ ಚಾಚಿದಳು. "ಫೋನ್ ಕೊಡು. ನಾನೇ ಹೇಳ್ತೀನಿ."

ಅವನು ಅನುಮಾನದಿಂದಲೇ ನಂಬರ್ ಒತ್ತಿ ಕೊಟ್ಟ.

"ಯಾರೂ?" ಎಂದಿತು ಆ ಕಡೆಯ ಮುದಿ ದನಿ.

"ಅಮ್ಮಾ... ನಾನು ಹಿಮೆನಾ. ನಿಮ್ಮ ಫೆರ್ಮಿನ್‌ನವಳು," ಎಂದಳು ಮೆಲ್ಲಗೆ.

"ಏನಂದೆ? ಕೇಳಿಸ್ತಿಲ್ಲ!"

ಫೆರ್ಮಿನ್ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. "ಅಮ್ಮಂಗೆ ಕಿವಿ ಮಂದ ಕಣೇ. ಜೋರಾಗಿ ಹೇಳ್ಬೇಕು."

ಅವಳು ಜೋರಾಗಿ ಹೇಳಿದಳು, ಇಡೀ ಲೌರೆಲ್ ಬೀದಿಗೆ ಕೇಳುವಷ್ಟು.