ಚಾಪೆ ಕೊಡವದೆ ಉಳಿದ ಆಟ

ಬಹಳ ಹಿಂದೆ, ಏಳು ಬೆಟ್ಟಗಳ ನಡುವೆ ಸಂಪಿಗೆದುರ್ಗ ಎಂಬ ರಾಜ್ಯವಿತ್ತು. ಅಲ್ಲಿಯ ಜನಕ್ಕೆ ಒಂದು ಹೊತ್ತಿನ ಊಟ ತಪ್ಪಿದರೂ ನಡೆದೀತು, ಆಟ ತಪ್ಪುವಂತಿರಲಿಲ್ಲ. ರಾಜನೇ ಎಲೆಯ ಮುಂದೆ ಕೂತು ಪಗಡೆಯ ನಡೆ ಯೋಚಿಸುತ್ತ ಸಾರು ತಣ್ಣಗಾಗಲು ಬಿಡುತ್ತಿದ್ದ ಮೇಲೆ ಪ್ರಜೆಗಳನ್ನು ಕೇಳಬೇಕೆ! ಅಲ್ಲೊಂದು ಪದ್ಧತಿಯಿತ್ತು. ಆಟ ಮುಗಿದಾಗ ಸೋತವರು ಎದ್ದು, ಕೂತಿದ್ದ ಚಾಪೆಯನ್ನು ಕೊಡವಿ ಸುತ್ತಿಡಬೇಕು. ಚಾಪೆ ಕೊಡವುವವರೆಗೆ ಆಟ ಮುಗಿದಂತಲ್ಲ. ಅಲ್ಲಿಯವರೆಗೆ ಸೋತವರಿಗೂ ಮಾತಾಡುವ ಹಕ್ಕಿದೆ.

ಆ ರಾಜ್ಯಕ್ಕೆ ಎಲ್ಲಿಂದಲೋ ಧೂಮಕೇಶನೆಂಬ ಮಾಂತ್ರಿಕ ಬಂದ. ಅವನೊಡನೆ ಪಗಡೆಯಾಡಿ ಸೋತವರು ಕೂತಲ್ಲೇ ಹೆಬ್ಬೆರಳಿನಷ್ಟು ಕಲ್ಲಿನ ಕಾಯಿಗಳಾದರು. ಮೊದಲು ರಾಜ, ಆಮೇಲೆ ಮಂತ್ರಿ, ಆಮೇಲೆ ಇನ್ನೆಷ್ಟೋ ಜನ. ಕೊನೆಗೆ ಚಾಪೆ ಹೆಣೆಯುವ ಚೆನ್ನಾಜಿಯ ತಮ್ಮ ಸಿಂಗಣ್ಣನೂ ಕಲ್ಲಾದ. ಮಾಂತ್ರಿಕ ಸಿಂಹಾಸನ ಏರಿದ. ತನ್ನ ಗೆಲುವು ದಿನವೂ ಕಣ್ಣಿಗೆ ಕಾಣುತ್ತಿರಲಿ ಎಂದು ಕಾಯಿಗಳನ್ನು ಚಾಪೆಯ ಮೇಲೆ ಹಾಗೆಯೇ ಬಿಟ್ಟ. ಬಳಿಕ ಡಂಗುರ ಹೊಡೆಸಿದ: "ನಾನು ಕಾಣದ ಆಟ ತಂದು ನನ್ನನ್ನು ಗೆದ್ದವರಿಗೆ ಈ ಕಾಯಿಗಳೆಲ್ಲ ಸಲ್ಲುತ್ತವೆ. ಆಟದ ನಿಯಮ ಪುಸ್ತಕದಲ್ಲಿ ಬರೆದಿರಬೇಕು. ನಾನು ಸೋತರೂ, ಬರೆದದ್ದಕ್ಕೆ ತಪ್ಪಿದರೂ ನನ್ನ ಮಾಯೆಯೆಲ್ಲ ಬೂದಿಯಾಗಲಿ!"

ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದವಳು ಚೆನ್ನಾಜಿ. ಅವನಿಲ್ಲದ ಮನೆಯಲ್ಲೂ ಅವಳು ದಿನವೂ ಊಟಕ್ಕೆ ಎರಡು ಎಲೆ ಹಾಕುತ್ತಿದ್ದಳು. ಹೀಗಿರುವಾಗ ಬೆಟ್ಟದಾಚೆಯಿಂದ ಒಬ್ಬ ವ್ಯಾಪಾರಿ ಬಂದ. "ಪುಸ್ತಕ ಹೊಸದು ತಾಯೀ, ಆಟ ಮಾತ್ರ ಅಜ್ಜನ ಕಾಲದ್ದು" ಎಂದು ಕೆಂಪು ರಟ್ಟಿನ ಪುಸ್ತಕವನ್ನೂ ಒಂದು ಚೀಲವನ್ನೂ ಕೊಟ್ಟು, ಬದಲಿಗೆ ಒಂದು ಚಾಪೆ ಹೊತ್ತುಕೊಂಡು ಹೋದ.

ಚೆನ್ನಾಜಿ ಜಗಲಿಯಲ್ಲಿ ಕೂತು ಪುಸ್ತಕ ಬಿಚ್ಚಿದಳು. ಪಕ್ಕದ ಮನೆಯ ಗಿರಿಯಮ್ಮ ಬಗ್ಗಿ ನೋಡಿದಳು.

"ಆಟದ ಪಟ ಎಲ್ಲಿದೆಯೇ? ಕಾಯಿ ಎಲ್ಲಿ?"

"ಎರಡೂ ಇಲ್ಲ ಅತ್ತೆ. ದಾಳ ಮಾತ್ರ ಇದೆ. ಇಲ್ಲಿ ನೋಡಿ, ಇದಕ್ಕೆ ಮೈಯೆಲ್ಲ ಮುಖ!"

ಇಪ್ಪತ್ತು ಮುಖದ ಆ ದಾಳ ನಿಂಬೆಹಣ್ಣಿನಂತೆ ಜಗಲಿಯುದ್ದಕ್ಕೂ ಉರುಳಿತು. ಚೆನ್ನಾಜಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು ಅದು.

ಪುಸ್ತಕವೂ ವಿಚಿತ್ರವಾಗಿತ್ತು. ಒಬ್ಬರು ಕತೆಗಾರರು, ವೀರ ಹೊಕ್ಕ ಗುಹೆಯಲ್ಲಿ ಎದುರಿಗೆ ಏನಿದೆಯೆಂದು ಅವರು ಹೇಳಬೇಕು. ಉಳಿದವರು ತಾವೇನು ಮಾಡುತ್ತೇವೆಂದು ಹೇಳಬೇಕು. ಫಲವೇನೆಂದು ಅನುಮಾನ ಬಂದಲ್ಲಿ ದಾಳ ಹಾಕಬೇಕು. ಚಿತ್ರದಲ್ಲಿದ್ದ ಹೆಬ್ಬಾವು ಒನಕೆಯಂತಿತ್ತು. ಕತ್ತಿವರಸೆಗೆ ಅರ್ಧವೇ ಹಾಳೆ; ವೀರ ಜೊತೆಗೆ ಒಯ್ಯುವ ದೀಪದೆಣ್ಣೆ, ಹಗ್ಗ, ಬೆಲ್ಲ, ಉದ್ದನೆಯ ಬಿದಿರಿನ ಗಳು, ಇವಕ್ಕೆ ಎರಡು ಹಾಳೆ! "ನಿಮ್ಮ ವೀರನಿಗೆ ನಾಲ್ಕೇ ಉಸಿರು. ಸತ್ತರೆ ಅಳಬೇಡಿ, ಹೊಸಬನನ್ನು ಹುಟ್ಟಿಸಿಕೊಳ್ಳಿ" ಎಂದೂ ಬರೆದಿತ್ತು.

"ಗಳು ಹಿಡ್ಕೊಂಡು ಗುಹೆಗೆ ಹೋಗೋ ವೀರ ಯಾವನೇ? ಮಾವಿನಕಾಯಿ ಕೀಳೋಕೆ ಹೋಗ್ತಾನಾ?" ಎಂದಳು ಗಿರಿಯಮ್ಮ.

"ನಂಗೂ ಅದೇ ಆಶ್ಚರ್ಯ. ಆಡಿ ನೋಡೋಣ ಬನ್ನಿ."

ಗಿರಿಯಮ್ಮ ಕತೆ ಹೇಳಿದಳು, ಚೆನ್ನಾಜಿ ಆಡಿದಳು. ಕತ್ತಿ ಬೀಸುತ್ತ ನುಗ್ಗಿದ ಅವಳ ವೀರ ಒಂದು ಹೆಗ್ಗಣ ಕಚ್ಚಿ ಸತ್ತ. ಎರಡನೆಯವನು ಹಳ್ಳಕ್ಕೆ ಬಿದ್ದು ಸತ್ತ. ಆಗ ಅವಳು ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದಳು. ಅದರ ತುಂಬ ತೂತುಗಳಿದ್ದವು. ಈಜುವುದು ಹೇಗೆ, ಬೀಗ ತೆಗೆಯುವುದು ಹೇಗೆ, ಏನೂ ಹೇಳಿರಲಿಲ್ಲ. ಮೊದಲ ಹಾಳೆಯ ತಳದಲ್ಲಿ ಒಂದೇ ಮಾತು: "ಪುಸ್ತಕ ಸುಮ್ಮನಿರುವಲ್ಲಿ ಆಟಕ್ಕೆ ಕೂತವರೆಲ್ಲ ಸೇರಿ ತೀರ್ಮಾನಿಸಿ. ಹೆಚ್ಚು ಜನ ಒಪ್ಪಿದ್ದೇ ನಿಯಮ."

"ಅಯ್ಯೋ, ಅರೆಬೆಂದ ಪುಸ್ತಕ" ಎಂದಳು ಗಿರಿಯಮ್ಮ.

"ಉಳಿದರ್ಧ ನಮಗೇ ಬೇಯಿಸೋಕೆ ಬಿಟ್ಟಿದ್ದಾರೆ ಅತ್ತೆ" ಎಂದು ಚೆನ್ನಾಜಿ ಎದ್ದಳು.

ಮರುದಿನ ಅವಳು ಅರಮನೆಗೆ ಹೋಗಿ ಕಾಯಿಗಳಿದ್ದ ಚಾಪೆಯ ಮೇಲೆಯೇ ಕೂತಳು. ಸಿಂಗಣ್ಣನ ಕಾಯಿ ಅವಳ ಮೊಣಕಾಲಿನ ಪಕ್ಕದಲ್ಲಿತ್ತು. ಧೂಮಕೇಶ ಎದುರಿಗೆ ಕೂತು ಪುಸ್ತಕದ ಹಾಳೆಗಳನ್ನು ಸರಸರನೆ ಮಗುಚಿ ನಕ್ಕ. "ಇಷ್ಟೇನಾ? ನಾನೇ ಕತೆಗಾರ. ಗುಹೆಯ ಕೊನೆಯ ಕೋಣೆ ಸೇರಿದರೆ ನೀನು ಗೆದ್ದೆ. ಇಲ್ಲವಾದರೆ ನೀನೂ ಕಲ್ಲು."

ಅವನು ಬಾಯಿ ತೆರೆಯುತ್ತಲೇ ಸಭೆಯೆಲ್ಲ ಕತ್ತಲ ಗುಹೆಯಾಯಿತು.

"ಎದುರಿಗೆ ಬೆಂಕಿಯುಗುಳುವ ಎರಡು ತಲೆಯ ಗೂಳಿ ನಿಂತಿದೆ. ಕತ್ತಿ ಎತ್ತು!"

"ಎತ್ತಲ್ಲ ಸ್ವಾಮಿ. ಪ್ರಾಣಿ ಎದುರಾದರೆ ಮೊದಲು ಅದರ ಮನಸ್ಸು ತಿಳಿಯೋಕೆ ದಾಳ ಹಾಕಬೇಕು ಅಂತ ಬರೆದಿದೆ."

ಮಾಂತ್ರಿಕ ಹಲ್ಲು ಕಡಿದು ದಾಳ ಹಾಕಿದ. ಗೂಳಿಗೆ ಕೋಪವಿರಲಿಲ್ಲ, ಹಸಿವಿತ್ತು. ಚೆನ್ನಾಜಿ ಒಂದೊಂದು ಬಾಯಿಗೆ ಒಂದೊಂದು ಉಂಡೆ ಬೆಲ್ಲ ಇಟ್ಟಳು. ಗೂಳಿ ಅವಳ ಕೈ ನೆಕ್ಕಿ ದಾರಿ ಬಿಟ್ಟಿತು.

"ಮುಂದೆ ನುಣುಪಾದ ನೆಲ. ಧೈರ್ಯವಾಗಿ ನಡೆ!"

"ಗಳು ಊರಿ ನೋಡ್ಕೊಂಡು ನಡೀತೀನಿ."

ಗಳು ತಾಗಿದಲ್ಲಿ ನೆಲ ಬಾಯಿಬಿಟ್ಟಿತು. ಒಳಗೆ ಹಾವುಗಳು ಬುಸುಗುಟ್ಟಿದವು. ಅವಳು ಅಂಚು ಹಿಡಿದು ದಾಟಿದಳು. ಮಾವಿನಕಾಯಿ ಕೀಳುವ ಗಳುವಿನ ಬೆಲೆ ಈಗ ತಿಳಿಯಿತು.

"ಮುಂದೆ ಕಬ್ಬಿಣದ ಬಾಗಿಲು. ಬೀಗವಿಲ್ಲ, ಚಿಲಕವಿಲ್ಲ. ಅದರಾಚೆಗೇ ಕೊನೆಯ ಕೋಣೆ." ಧೂಮಕೇಶ ಪುಸ್ತಕವನ್ನು ಅವಳ ಮುಂದೆ ಹಿಡಿದ. "ಇಂಥ ಬಾಗಿಲು ತೆರೆಯುವುದು ಹೇಗೆಂದು ಇದರಲ್ಲಿ ಇಲ್ಲ. ನಿನ್ನ ಕತೆ ಮುಗಿಯಿತು!"

"ಇಲ್ಲದೇ ಇದ್ದರೆ ಕೂತವರು ತೀರ್ಮಾನಿಸಬೇಕು ಅಂತ ಇದೆ. ಬಡಿದರೆ ತೆರೆಯುತ್ತೆ ಅಂತ ನನ್ನ ಮಾತು."

"ತೆರೆಯುವುದಿಲ್ಲ ಎಂದು ನನ್ನ ಮಾತು. ಕೂತವರು ನಾವಿಬ್ಬರೇ."

"ಇಬ್ಬರೇನಾ ಸ್ವಾಮಿ?" ಚೆನ್ನಾಜಿ ಚಾಪೆಯ ಮೇಲಿನ ಕಾಯಿಗಳತ್ತ ಕೈ ತೋರಿಸಿದಳು. "ಈ ಚಾಪೆ ಮೇಲೆ ಆಟಕ್ಕೆ ಅಂತ ಕೂತವರು ಇನ್ನೂ ಎದ್ದಿಲ್ಲ. ಚಾಪೆ ಕೊಡವೋಕೆ ನೀವೇ ಬಿಟ್ಟಿಲ್ಲ. ನಮ್ಮೂರಲ್ಲಿ ಚಾಪೆ ಕೊಡವೋವರೆಗೂ ಸೋತವರಿಗೂ ಮಾತಿದೆ. ನಮ್ಮ ಜನವೇ, ಬಾಗಿಲು ತೆರೆಯುತ್ತಾ?"

ಮೊದಲು ಅವಳ ಮೊಣಕಾಲಿನ ಪಕ್ಕದ ಪುಟ್ಟ ಕಾಯಿ ಟಕ್ ಎಂದಿತು. ರಾಜನ ಕಾಯಿ ಟಕ್ ಎಂದಿತು. ಮಂತ್ರಿಯ ಕಾಯಿಯೂ ಟಕ್ ಎಂದಿತು. ಚಾಪೆಯ ಮೇಲಿನ ಕಲ್ಲುಗಳೆಲ್ಲ ಒಟ್ಟಿಗೆ ಬಡಿದುಕೊಂಡವು.

ಬಾಗಿಲು ತೆರೆದುಕೊಂಡಿತು. ಗುಹೆ ಕರಗಿತು.

ಬರೆದದ್ದಕ್ಕೆ ತಪ್ಪುವಂತಿಲ್ಲ, ಸೋತದ್ದನ್ನು ಮುಚ್ಚುವಂತಿಲ್ಲ. ಧೂಮಕೇಶ ಎದ್ದು ಚಾಪೆಯ ಅಂಚು ಹಿಡಿದು ಕೊಡವಿದ. ಕಾಯಿಗಳು ನೆಲಕ್ಕೆ ಬಿದ್ದು ಮನುಷ್ಯರಾಗಿ ಎದ್ದು ನಿಂತವು. ಅವನ ಮಾಯೆಯೆಲ್ಲ ಧೂಳಿನ ಜೊತೆ ಹಾರಿಹೋಗಿ, ಕೆಮ್ಮುವ ಒಬ್ಬ ಮುದುಕ ಉಳಿದ. ರಾಜ ಅವನನ್ನು ಗಡಿಪಾರು ಮಾಡಲಿಲ್ಲ. ರಾಜ್ಯದ ಚಾಪೆಗಳನ್ನೆಲ್ಲ ಕೊಡವುವ ಕೆಲಸಕ್ಕೆ ಹಚ್ಚಿದ.

ಸಿಂಗಣ್ಣ ಕಣ್ಣುಜ್ಜಿಕೊಂಡು ನೆಲಕ್ಕುರುಳಿದ ದಾಳದ ಕಡೆ ನೋಡಿದ. "ಅಕ್ಕಾ, ಇದೆಂಥ ದಾಳ? ಈಗ ಯಾರ ಸರದಿ?"

ಚೆನ್ನಾಜಿಗೆ ಅಳು ತಡೆಯಲಾಗಲಿಲ್ಲ. ಅವನನ್ನು ಅಪ್ಪಿಕೊಂಡು, "ನಿಂದೇ ಕಣೋ, ನಿಂದೇ" ಎಂದಳು.

ಅವನು ಹಾಕಿದ ದಾಳ ಇನ್ನೂ ಉರುಳುತ್ತಿದೆಯಂತೆ. ಸಂಪಿಗೆದುರ್ಗದವರು ಅದರ ಹಿಂದೆ ನಗುತ್ತ ಓಡುತ್ತಿದ್ದಾರೆ. ನಾವು ಈ ಕತೆಯ ಚಾಪೆ ಕೊಡವಿ ಏಳೋಣ.